ಮೆಡ್ಲೆ ರೇಸ್ ನೋಡುವಾಗ ಕಣ್ಣು ಗೋಡೆಯ ಮೇಲಿರಲಿ

ವೈಯಕ್ತಿಕ ಮೆಡ್ಲೆ ಅಂದರೆ ಒಬ್ಬಳೇ ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಫ್ರೀಸ್ಟೈಲ್ ನಾಲ್ಕನ್ನೂ ಇದೇ ಕ್ರಮದಲ್ಲಿ ಈಜುವ ರೇಸ್; 200 ಮೀಟರ್ ಆದರೆ ಒಂದೊಂದೂ 50 ಮೀಟರ್, ಅಂದರೆ ಕೊಳದ ಒಂದು ಉದ್ದ. ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 200 ಮೀಟರ್ ವೈಯಕ್ತಿಕ ಮೆಡ್ಲೆ ಫೈನಲ್ ಬಗ್ಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕೊನೆಯ ಫ್ರೀಸ್ಟೈಲ್‌ನಲ್ಲಿ ಸಮ್ಮರ್ ಮ್ಯಾಕಿಂಟಾಶ್ ಹೇಗೆ ನುಗ್ಗಿ ಬಂದಳು! 2:06.56, ಒಲಿಂಪಿಕ್ ದಾಖಲೆ. ಕೇಟ್ ಡಗ್ಲಸ್ 2:06.92ರಲ್ಲಿ ಎರಡನೆಯವಳು. ನುಗ್ಗಿದ್ದು ನಿಜ. ಆದರೆ ಆ ರೇಸಿನಲ್ಲಿ ಪದಕವೊಂದು ಕೈ ಬದಲಾಯಿಸಿದ್ದು 100 ಮೀಟರ್ ಗೋಡೆಯ ಹತ್ತಿರ, ಯಾರೂ ಸರಿಯಾಗಿ ನೋಡದ ಜಾಗದಲ್ಲಿ. ಮೂರನೆಯವಳಾಗಿ ಮುಟ್ಟಿದ ಅಲೆಕ್ಸ್ ವಾಲ್ಶ್ ಅನರ್ಹಳಾದಳು, ಕಂಚು ಕೇಲಿ ಮೆಕ್ಯೂನ್ ಪಾಲಾಯಿತು.

ಕಾರಣ ಇಷ್ಟೇ. ಬ್ಯಾಕ್‌ಸ್ಟ್ರೋಕ್ ಮುಗಿಸುವಾಗ ಗೋಡೆ ಮುಟ್ಟುವ ಕ್ಷಣದಲ್ಲಿ ಬೆನ್ನ ಮೇಲೇ ಇರಬೇಕು. ವಾಲ್ಶ್ ಅಷ್ಟರಲ್ಲೇ ಮಗುಚಿಕೊಂಡಿದ್ದಳು. ‘ಇಷ್ಟು ಚಿಕ್ಕ ತಪ್ಪಿಗೆ ಪದಕ ಕಿತ್ತುಕೊಳ್ಳುವುದೇ?’ ಅಂತ ಕೇಳುವವರಿದ್ದಾರೆ. ನನ್ನ ಪ್ರಕಾರ ತೀರ್ಪು ಸರಿ. ಆ ತಿರುವಿನಲ್ಲಿ ಬೇಗ ಮಗುಚಿದಷ್ಟೂ ಸಮಯ ಉಳಿಯುತ್ತದೆ, ನಿಯಮ ಇರುವುದೇ ಅದಕ್ಕೆ.

ಸಾಮಾನ್ಯ ಬ್ಯಾಕ್‌ಸ್ಟ್ರೋಕ್ ರೇಸಿನಲ್ಲಿ ಗೋಡೆ ಹತ್ತಿರ ಬಂದಾಗ ಹೊಟ್ಟೆಯ ಕಡೆ ಮಗುಚಿ ಪಲ್ಟಿ ಹೊಡೆಯಬಹುದು. ಮೆಡ್ಲೆಯಲ್ಲೂ 400 ಮೀಟರ್ ಆದರೆ (ಅಲ್ಲಿ ಒಂದೊಂದು ಸ್ಟ್ರೋಕ್ 100 ಮೀಟರ್) 150ರ ಗೋಡೆಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಬ್ರೆಸ್ಟ್‌ಸ್ಟ್ರೋಕ್‌ಗೆ ಬದಲಾಗುವ ಗೋಡೆಯಲ್ಲಿ ಅದು ತಿರುವಲ್ಲ, ಬ್ಯಾಕ್‌ಸ್ಟ್ರೋಕ್‌ನ ಮುಕ್ತಾಯ. ದೇಹ ಪಕ್ಕಕ್ಕೆ ವಾಲಬಹುದು, ಆದರೆ 90 ಡಿಗ್ರಿ ಮುಟ್ಟುವಂತಿಲ್ಲ. ತಲೆ ಯಾವ ಕಡೆ ಇದ್ದರೂ ಲೆಕ್ಕಕ್ಕಿಲ್ಲ, ಭುಜವೇ ಮುಖ್ಯ.

ಇಲ್ಲಿ ಆಯ್ಕೆಗಳಿವೆ. ಬೆನ್ನ ಮೇಲೆ ಮುಟ್ಟಿ, ಮಂಡಿ ಮಡಚಿ, ಮುಖ ನೀರಿನ ಮೇಲಿಟ್ಟು ಪಕ್ಕಕ್ಕೆ ತಿರುಗುವ ಓಪನ್ ಟರ್ನ್ ಸುರಕ್ಷಿತ, ಉಸಿರೂ ಸಿಗುತ್ತದೆ, ಆದರೆ ನಿಧಾನ. ಮುಟ್ಟಿ ಹಿಂದಕ್ಕೆ ಪಲ್ಟಿ ಹೊಡೆಯುವುದು ನಡುವಿನ ದಾರಿ. ಮೂರನೆಯದು ಕ್ರಾಸೋವರ್: ಕೊನೆಯ ಕೈಯನ್ನು ಎದೆಯ ಮೇಲಿಂದ ದಾಟಿಸಿ, ಹೆಚ್ಚುಕಮ್ಮಿ ಪಕ್ಕೆಯ ಮೇಲೆ ಮಲಗಿದಂತೆ ಮುಟ್ಟಿ, ಹಾಗೇ ಮುಂದಕ್ಕೆ ಉರುಳುವುದು. ಚೆನ್ನಾಗಿ ಬಂದರೆ ಇದೇ ಅತಿ ವೇಗ. ಗಂಡಾಂತರವೂ ಇಲ್ಲೇ: ಬೆರಳು ಗೋಡೆಗೆ ತಾಗುವ ಮುನ್ನವೇ ಭುಜ 90 ಡಿಗ್ರಿ ಮುಟ್ಟಿದರೆ ರೇಸ್ ಮುಗಿದಂತೆ. ಸಾಮಾನ್ಯವಾಗಿ ಕೆಡುವುದು ಅಳತೆ ತಪ್ಪಿದಾಗ. ಗೋಡೆಯಿಂದ 5 ಮೀಟರ್ ಮೊದಲು ಮೇಲೆ ಕಟ್ಟಿದ ಬಾವುಟಗಳಿಂದ ಎಣಿಸಿದ ಕೈಬೀಸುಗಳು ಸುಸ್ತಾದ ದಿನ ಅರ್ಧ ಕೈ ಕಡಿಮೆ ಬೀಳುತ್ತವೆ. ಆ ಅರ್ಧವನ್ನು ತುಂಬಲು ದೇಹ ತಾನಾಗಿ ಮಗುಚಿ ಚಾಚಿಕೊಳ್ಳುತ್ತದೆ.

ಇನ್ನೊಂದು ಬೆಲೆಯೂ ಇದೆ. ಕ್ರಾಸೋವರ್ ಆದ ಕೂಡಲೇ ಬ್ರೆಸ್ಟ್‌ಸ್ಟ್ರೋಕ್‌ನ ಪುಲ್‌ಔಟ್: ನೀರೊಳಗೆ ಒಂದು ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಹೊಡೆಯುವುದು), ತೊಡೆವರೆಗೆ ಒಂದು ಪೂರ್ಣ ಎಳೆತ, ಒಂದು ಬ್ರೆಸ್ಟ್‌ಸ್ಟ್ರೋಕ್ ಕಿಕ್. ಇದಿಷ್ಟೂ ಉಸಿರಿಲ್ಲದೆ. 200ರಲ್ಲಿ ಸಹಿಸಬಹುದು. 400ರಲ್ಲಿ ಆ ಉಸಿರಿನ ಸಾಲವನ್ನು ಮುಂದಿನ 100 ಮೀಟರ್ ಪೂರ್ತಿ ತೀರಿಸಬೇಕು. ಅಲ್ಲಿ ಓಪನ್ ಟರ್ನ್ ಮಾಡುವವಳನ್ನು ಹಳೇಕಾಲದವಳು ಅನ್ನಬೇಡಿ, ಲೆಕ್ಕ ಹಾಕಿಯೇ ಮಾಡಿರುತ್ತಾಳೆ.

ಉಳಿದ ಎರಡು ಬದಲಾವಣೆಗಳು ಸರಳ. ಬಟರ್‌ಫ್ಲೈ, ಬ್ರೆಸ್ಟ್‌ಸ್ಟ್ರೋಕ್ ಎರಡರ ಕೊನೆಯಲ್ಲೂ ಎರಡು ಕೈ ಒಟ್ಟಿಗೆ ಮುಟ್ಟಬೇಕು. ಫ್ರೀಸ್ಟೈಲ್‌ಗೆ ಹೊರಟಾಗ ಮೊದಲ ಕಿಕ್‌ಗೆ ಮುಂಚೆ ಎದೆಯ ಮೇಲೆ ಬಂದಿರಬೇಕು.

ವಿಶ್ವದಾಖಲೆಯ ವೇಗದಲ್ಲಿ ಟಿವಿ ಪರದೆಯ ಮೇಲೆ ಸಾಗುವ ಗೆರೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಮೆಡ್ಲೆಯಲ್ಲಿ ಅದು ದಾರಿ ತಪ್ಪಿಸುವುದೇ ಹೆಚ್ಚು. ಪ್ಯಾರಿಸ್‌ನಲ್ಲೇ ನೋಡಿ: ಮ್ಯಾಕಿಂಟಾಶ್ 200 ಬಟರ್‌ಫ್ಲೈ ಚಾಂಪಿಯನ್, ಮೆಕ್ಯೂನ್ ಎರಡೂ ಬ್ಯಾಕ್‌ಸ್ಟ್ರೋಕ್‌ಗಳ ಚಾಂಪಿಯನ್, ಡಗ್ಲಸ್ 200 ಬ್ರೆಸ್ಟ್‌ಸ್ಟ್ರೋಕ್ ಚಾಂಪಿಯನ್. ಒಬ್ಬೊಬ್ಬರದು ಒಂದೊಂದು ಊರುಗೋಲು. 50 ಮೀಟರಿಗೆ ಗೆರೆಗಿಂತ ಮುಂದಿದ್ದಾಳೆ ಅಂದರೆ ಅವಳು ಬಟರ್‌ಫ್ಲೈ ಹುಡುಗಿ ಅಂತಷ್ಟೇ ಅರ್ಥ. ಬ್ರೆಸ್ಟ್‌ಸ್ಟ್ರೋಕ್ ಮುಗಿಯುವವರೆಗೆ ಯಾರನ್ನೂ ಮುಂದಿದ್ದಾಳೆ ಅನ್ನಬಾರದು. ನಾಲ್ಕರಲ್ಲಿ ಅದೇ ನಿಧಾನ, ಅಂತರ ಬೆಳೆಯುವುದೂ ಅಲ್ಲೇ. 4:30ರ 400 ಮೆಡ್ಲೆಯನ್ನು ಸುಮಾರಾಗಿ ಒಡೆದರೆ 1:01, 1:09, 1:18, 1:02 ಹೀಗೆ ಬರುತ್ತದೆ. ಮೊದಲ 100ನ್ನು ಒಂದು ಸೆಕೆಂಡ್ ಬೇಗ ಈಜಿದವಳು ತೊಡೆಗಳನ್ನು ಖರ್ಚು ಮಾಡಿಕೊಂಡಿರುತ್ತಾಳೆ. ಆಮೇಲೆ ಬ್ಯಾಕ್‌ಸ್ಟ್ರೋಕ್ ಕಿಕ್ ಕೂಡ ಅದೇ ತೊಡೆಯನ್ನು ಕೇಳುತ್ತದೆ. 250 ಮೀಟರ್ ಆಸುಪಾಸಿನಲ್ಲಿ ಸೊಂಟ ಇಳಿಯುತ್ತದೆ, ಕಿಕ್ ಅಗಲವಾಗುತ್ತದೆ, ಕಿಕ್ ನಂತರ ನೀರಲ್ಲಿ ಜಾರಿ ಸಾಗುವ ಗ್ಲೈಡ್ ಮಾಯ. ಉಳಿಸಿದ್ದ ಒಂದು ಸೆಕೆಂಡ್ ಮೂರಾಗಿ ವಾಪಸ್ ಹೋಗುತ್ತದೆ.

2025ರ ಸಿಂಗಾಪುರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 400 ಮೆಡ್ಲೆಯನ್ನು ಮ್ಯಾಕಿಂಟಾಶ್ 4:25.78ರಲ್ಲಿ ಗೆದ್ದಾಗ ಅವಳ ಹಿಂದೆ ಜೆನ್ನಾ ಫಾರೆಸ್ಟರ್, ಮಿಯೊ ನರಿತಾ ಇಬ್ಬರೂ 4:33.26ಕ್ಕೆ ಸಮನಾಗಿ ಬೆಳ್ಳಿ ಹಂಚಿಕೊಂಡರು. 12 ವರ್ಷದ ಯು ಜಿಡಿ 4:33.76, ನಾಲ್ಕನೆಯವಳು. ಏಳು ತಿರುವುಗಳ ರೇಸಿನಲ್ಲಿ ಅರ್ಧ ಸೆಕೆಂಡ್! ಅದೇ ಕೂಟದ 200ರಲ್ಲೂ ಆ ಹುಡುಗಿಗೆ ನಾಲ್ಕನೇ ಸ್ಥಾನವೇ, ಕಂಚಿಗೆ 0.06 ಸೆಕೆಂಡ್ ಕಡಿಮೆ. 200ರಲ್ಲಿರುವ ಮೂರು ತಿರುವುಗಳೂ ಸ್ಟ್ರೋಕ್ ಬದಲಾಗುವ ತಿರುವುಗಳೇ. ರೀಪ್ಲೇ ಸಿಕ್ಕರೆ ಆ ಮೂರನ್ನು ಮಾತ್ರ ನಿಧಾನಗತಿಯಲ್ಲಿ ನೋಡಿ, ಎಂಟೂ ಲೇನ್‌ಗಳನ್ನು ಹೋಲಿಸಿ.