ಯೇಸುನೇ ಆ ಮೆಸ್ಸೀಯನಾ? ಪರ-ವಿರೋಧ

ಪರ

ಮೆಸ್ಸೀಯ ಅಂದ್ರೆ ದೇವರು ಕಳಿಸ್ತೀನಿ ಅಂತ ಯೆಹೂದ್ಯರಿಗೆ ಮಾತು ಕೊಟ್ಟ ರಕ್ಷಕ ರಾಜ. ಮುಂಬೈ ಹತ್ರದ ನಮ್ಮ ಡೊಂಬಿವ್ಲಿ ಕಡೆ ಕನ್ನಡ ಆರಾಧನೇಲಿ ಕ್ರಿಸ್ಮಸ್ ಬಂತಂದ್ರೆ ಬೈಬಲ್ಲಿನ ಹಳೇ ಒಡಂಬಡಿಕೆಯ (ಯೆಹೂದ್ಯರ ಶಾಸ್ತ್ರದ) ಮೀಕ 5:2 ಓದ್ಲೇಬೇಕು, ಇಸ್ರಾಯೇಲನ್ನ ಆಳೋನು ಬೇತ್ಲೆಹೇಮಿಂದ ಬರ್ತಾನೆ ಅನ್ನೋ ವಚನ. ಸುವಾರ್ತೆ, ಅಂದ್ರೆ ಯೇಸುವಿನ ಜೀವನಕಥೆ, ಬರೆದೋರು ಈ ಹಳೇ ಪುಸ್ತಕ ಮುಂದಿಟ್ಕೊಂಡು ಕಥೆ ಹೊಂದಿಸಿರ್ಬೋದಲ್ವಾ ಅಂತ ಆಫೀಸ್ ಫ್ರೆಂಡ್ಸ್ ಕೇಳ್ತಾರೆ. ಸರಿ, ಜೆಕರ್ಯ 9:9ರಲ್ಲಿರೋ ಹಾಗೆ ಕತ್ತೆ ಹತ್ತಿ ಯೆರೂಸಲೇಮಿಗೆ ಬರೋದು ಯಾರಾದ್ರೂ ಬೇಕಂತ್ಲೇ ಮಾಡ್ಬೋದು, ಅದನ್ನ ನಾನೂ ದೊಡ್ಡ ಪ್ರೂಫ್ ಅನ್ನಲ್ಲ. ಆದ್ರೆ ಯೆಶಾಯ 53 ಕೂತ್ಕೊಂಡು ಓದಿ. ಅಲ್ಲಿ ದೇವರ ಸೇವಕನೊಬ್ಬ ಬರ್ತಾನೆ: ನಮ್ಮ ತಪ್ಪಿಗೆ ಅವನು ಗಾಯಪಟ್ಟ, ಕೊಯ್ಯೋಕೆ ಎಳ್ಕೊಂಡೋಗೋ ಕುರಿ ಥರ ಬಾಯೇ ಬಿಡ್ಲಿಲ್ಲ, ಸತ್ತಾಗ ಸಾಹುಕಾರನ ಜೊತೆ. ಇದನ್ನ ಕ್ರೈಸ್ತರು ಆಮೇಲೆ ತುರುಕಿದ್ದು ಅನ್ನೋ ಹಾಗಿಲ್ಲ, ಯಾಕಂದ್ರೆ 1947ರಲ್ಲಿ ಮೃತ ಸಮುದ್ರದ ಹತ್ರ ಕುಮ್ರಾನ್ ಗವೀಲಿ ಸಿಕ್ಕ ಯೆಶಾಯನ ಸುರುಳಿ ಯೇಸು ಹುಟ್ಟೋದಕ್ಕಿಂತ ಸುಮಾರು ನೂರು ವರ್ಷ ಹಳೇದು, ಅದ್ರಲ್ಲೂ ಈ ಅಧ್ಯಾಯ ಇದೆ. ಇನ್ನೊಂದು, ರೋಮನ್ನರನ್ನ ಓಡಿಸೋ ರಾಜ ಬೇಕು ಅಂತ ಜನ ಕಾಯ್ತಿರುವಾಗ ಅದೇ ರೋಮನ್ನರು ಶಿಲುಬೆಗೆ ಹಾಕಿದೋನನ್ನ ರಕ್ಷಕ ಅಂತ ಸಾರೋಕೆ ಆ ಯೆಹೂದ್ಯ ಶಿಷ್ಯರಿಗೆ ಏನ್ ಲಾಭ ಇತ್ತು ಹೇಳಿ? ಯೇಸು ಸಾವಿಂದ ಎದ್ದು ಬಂದಿದ್ದನ್ನ ಕಣ್ಣಾರೆ ಕಂಡಿದ್ರಿಂದ್ಲೇ ಅಂತ ನನ್ನ ನಂಬಿಕೆ.

ವಿರೋಧ

ಮುಂಬೈನ ಮಸ್ಜಿದ್ ಬಂದರ್ ಕಡೆ ಕೆಲ್ಸಕ್ಕೆ ಹೋಗೋರಿಗೆ ಸ್ಯಾಮ್ಯುಯೆಲ್ ಸ್ಟ್ರೀಟ್ ಗೊತ್ತಿರುತ್ತೆ, ಬೆನೆ ಇಸ್ರೇಲ್ ಅನ್ನೋ ಇಲ್ಲಿನ ಯೆಹೂದ್ಯರ 1796ರ ಸಿನಗಾಗ್ (ಪ್ರಾರ್ಥನಾ ಮಂದಿರ) ಇರೋದು ಅಲ್ಲೇ. ಮನೇಲಿ ಶುಭಕಾರ್ಯ ಅಂದ್ರೆ ಅವ್ರು ಮಲೀದಾ ಮಾಡ್ತಾರೆ, ನೆನೆಸಿದ ಅವಲಕ್ಕಿಗೆ ಸಿಹಿ, ಕಾಯಿತುರಿ ಕಲ್ಸಿ ಹಣ್ಣಿಟ್ಟು ಎಲೀಯ ಪ್ರವಾದಿಯನ್ನ ನೆನೆಯೋದು (ನೋಡೋಕೆ ನಮ್ಮ ಅಷ್ಟಮಿ ಅವಲಕ್ಕೀನೇ). ಮಲಾಕಿಯ 4:5ರ ಪ್ರಕಾರ ದೇವರ ಮಹಾದಿನಕ್ಕಿಂತ ಮೊದ್ಲು ಎಲೀಯ ಬರ್ಬೇಕು, ಅಂದ್ರೆ ಮೆಸ್ಸೀಯನಿಗಿಂತ ಮೊದ್ಲು ಅಂತ ಯೆಹೂದ್ಯರ ನಂಬಿಕೆ. ಯೇಸುಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕನಾದ ಯೋಹಾನನೇ ಆ ಎಲೀಯ ಅಂತ ನೀವು ಕ್ರೈಸ್ತರು ಮತ್ತಾಯ 11:14 ತೋರಿಸ್ತೀರಾ, ಆದ್ರೆ ಯೋಹಾನ ಅನ್ನೋ ಸುವಾರ್ತೆಯ 1:21ರಲ್ಲಿ ಅವ್ನನ್ನೇ ಕೇಳಿದ್ರೆ ನಾನಲ್ಲ ಅಂತಾನಲ್ಲ! ಯೆಶಾಯ 53ರ ಸೇವಕ ಯಾರು ಅನ್ನೋದಕ್ಕೂ ಅಷ್ಟೇ, ಅದೇ ಪುಸ್ತಕ 49:3ರಲ್ಲಿ ಸೇವಕ ಅಂದ್ರೆ ಇಸ್ರಾಯೇಲ್ ಅಂತ ನೇರವಾಗಿ ಹೇಳಿದೆ, ಅಂದ್ರೆ ನೊಂದಿದ್ದು ಒಂದಿಡೀ ಜನಾಂಗ.

ಮುಖ್ಯವಾದ್ದು, ಕತ್ತಿ ಬಡಿದು ನೇಗಿಲ ಗುಳ ಮಾಡೋ ಕಾಲ ಬರುತ್ತೆ ಅಂತ ಯೆಶಾಯ 2:4 ಹೇಳಿತ್ತು, ಬಂದಿದ್ದೇನು? ಇಸವಿ 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯಾನೇ ಸುಟ್ರು. ಬಾಕಿ ಇರೋದನ್ನ ಯೇಸು ಎರಡನೇ ಸಲ ಬಂದಾಗ ಮಾಡ್ತಾನೆ ಅಂತೀರಾ. 132ರಲ್ಲಿ ರೋಮಿನ ವಿರುದ್ಧ ದಂಗೆ ಎದ್ದ ಬಾರ್ ಕೊಖ್ಬಾನನ್ನೂ ರಬ್ಬಿ (ಯೆಹೂದ್ಯ ಧರ್ಮಗುರು) ಅಕಿವಾರಂಥ ದೊಡ್ಡೋರೇ ಮೆಸ್ಸೀಯ ಅಂದಿದ್ರು, 135ರಲ್ಲಿ ಅವ್ನು ಸೋತು ಸತ್ತ ಮೇಲೆ ಯೆಹೂದ್ಯರು ಆ ಮಾತು ಕೈಬಿಟ್ರು. ಯೇಸುಗೆ ಮಾತ್ರ ಇನ್ನೊಂದು ಚಾನ್ಸ್ ಯಾಕೆ ಕೊಡ್ಬೇಕು ಅಂತ ಅವ್ರು ಕೇಳಿದ್ರೆ ತಪ್ಪೇನು?