30 ಗ್ರಾಂ ಸಂಸಾರ

ಹೊರಗಿನ ಕುರುಕಲು ಬಿಟ್ಟು ಮನೆಯಲ್ಲೇ ಮಾಡಿಕೊಂಡರೆ ಮೈಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು ಎಂದು ಬುದ್ಧಿ ಹೇಳುವವರು ಡಬ್ಬಿಗಳ ವಿಷಯ ಮಾತ್ರ ಬಾಯಿ ಬಿಡುವುದಿಲ್ಲ. ನಮ್ಮೆಜಮಾನರು ತಿಂಗಳ ಲೆಕ್ಕದ ಪುಸ್ತಕದಲ್ಲಿ ‘ಕುರುಕಲು’ ಎಂಬ ಸಾಲನ್ನು ಕೆಂಪು ಮಸಿಯಲ್ಲಿ ಹೊಡೆದು ಹಾಕಿದರು. ಅದರ ಕೆಳಗಿನ ಸಾಲುಗಳಲ್ಲಿ ಬಂದು ಕೂತದ್ದು ಬಿಗಿ ಮುಚ್ಚಳದ ಪುಟ್ಟ ಪುಟ್ಟ ಡಬ್ಬಿಗಳು, ಅಂಟಿಸುವ ಚೀಟಿಗಳು, ಅಳಿಸದ ಮಸಿಯ ಪೆನ್ನು, ಒಂದು ಡಿಜಿಟಲ್ ತಕ್ಕಡಿ. ತಿನ್ನುವ ಪದಾರ್ಥ ಇನ್ನೂ ಒಂದು ಕಾಳೂ ಮನೆಗೆ ಬಂದಿರಲಿಲ್ಲ. ಮೊತ್ತ ನೋಡಿದ ನಮ್ಮತ್ತೆ, “ಇಷ್ಟು ದುಡ್ಡಿಗೆ ಕುರುಕಲು ತಿಂದೂ ಉಳಿಸಬಹುದಿತ್ತಲ್ಲೋ” ಎಂದರು.

ತತ್ತ್ವದಲ್ಲಿ ತಪ್ಪಿರಲಿಲ್ಲ, ಅದನ್ನು ಒಪ್ಪಲೇಬೇಕು. ಅಂಗಡಿಯ ಚಿಪ್ಸ್ ಪೊಟ್ಟಣ ಅಷ್ಟು ಉಬ್ಬಿರುವುದು ಒಳಗೆ ತುಂಬಿದ ನೈಟ್ರೋಜನ್ ಅನಿಲದಿಂದ. ಚಿಪ್ಸ್ ಪುಡಿಯಾಗದಿರಲಿ, ಎಣ್ಣೆ ಕಮಟು ಹಿಡಿಯದಿರಲಿ ಎಂದು ತುಂಬುತ್ತಾರೆ. ಕಾರಣ ನ್ಯಾಯವಾದದ್ದೇ. ಆದರೆ ಕೊಳ್ಳುವವರ ಕಣ್ಣಿಗೆ ಬೀಳುವುದು ಪೊಟ್ಟಣದ ಗಾತ್ರ, ಮೂಲೆಯಲ್ಲಿ ಅಚ್ಚಾದ ತೂಕವಲ್ಲ. ಬೆಲೆಯನ್ನು 100 ಗ್ರಾಂಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿದರೆ, ಬಿಡಿಯಾಗಿ ತಂದ ಕಡಲೆಬೀಜ, ಕಾಬೂಲ್ ಕಡಲೆ, ಪಾಪ್‌ಕಾರ್ನ್ ಜೋಳದ ಮುಂದೆ ಬಣ್ಣದ ಪೊಟ್ಟಣಗಳು ನಿಲ್ಲುವುದು ಕಷ್ಟ. ಈ ಭಾಗಾಕಾರವನ್ನು ನಮ್ಮೆಜಮಾನರು ಅಂಗಡಿಯಲ್ಲಿ ನಿಂತೇ ಮಾಡುತ್ತಾರೆ, ಬಾಯಿಬಿಟ್ಟು ಗಟ್ಟಿಯಾಗಿ. ಆಗೆಲ್ಲ ನಾನು ಸೋಪಿನ ಸಾಲಿನ ಕಡೆ ಹೋಗಿ ನಿಲ್ಲುತ್ತೇನೆ.

ಮನೆಗೆ ಬಂದವರೇ ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದರು. 100 ಗ್ರಾಂ ಕಡಲೆಬೀಜಕ್ಕೆ ಸುಮಾರು 570 ಕ್ಯಾಲೊರಿ, ಬಾದಾಮಿಗೆ 580, ಒಣದ್ರಾಕ್ಷಿಗೆ 300, ಕ್ಯಾರೆಟ್ಟಿಗೆ 41, ಸೌತೆಕಾಯಿಗೆ 15. ಕಡಲೆಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಕೊಬ್ಬು. ಕೊಬ್ಬು ಗ್ರಾಂಗೆ 9 ಕ್ಯಾಲೊರಿ ಕೊಟ್ಟರೆ ಪ್ರೋಟೀನೂ ಸಕ್ಕರೆಯೂ ಕೊಡುವುದು ನಾಲ್ಕು ನಾಲ್ಕು. ಕೊಬ್ಬು ಒಳ್ಳೆಯ ಜಾತಿಯದೇ ಇರಬಹುದು, ಲೆಕ್ಕದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಆದ್ದರಿಂದ ಮನೆಯ ಕಾನೂನು ಹೀಗಾಯಿತು: ಬೀಜದ ಜಾತಿ ಯಾವುದೇ ಆಗಲಿ, ತಲೆಗೆ ದಿನಕ್ಕೆ 30 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ, ಸುಮಾರು 170 ಕ್ಯಾಲೊರಿ. ಅದಕ್ಕೂ ಮೇಲೆ ಹಸಿವಾದರೆ ಸೌತೆಕಾಯಿ, ಎಷ್ಟು ಬೇಕಾದರೂ.

“ಸೌತೆಕಾಯಿ ತಿನ್ನೋದಲ್ಲ ಕಣೋ, ಅಗಿದು ಕುಡಿಯೋದು” ಅಂದರು ಅತ್ತೆ. ಸೌತೆಕಾಯಿಯಲ್ಲಿ ಶೇ 95ರಷ್ಟು ನೀರೇ ಇರುವುದರಿಂದ ಈ ಮಾತಿಗೆ ಯಾರ ಬಳಿಯೂ ಉತ್ತರವಿರಲಿಲ್ಲ.

ತಕ್ಕಡಿಯಲ್ಲಿ ಒಂದು ಗುಂಡಿ ಇರುತ್ತದೆ. ಖಾಲಿ ಡಬ್ಬಿ ಇಟ್ಟು ಅದನ್ನು ಒತ್ತಿದರೆ ಡಬ್ಬಿಯ ತೂಕ ಕಳೆದು ಅಂಕಿ ಸೊನ್ನೆಗೆ ಬರುತ್ತದೆ, ಆಮೇಲೆ ಕಾಳು ಸುರಿಯಬೇಕು. ತಕ್ಕಡಿಯ ಜೊತೆ ಬಂದ ಕೈಪಿಡಿಯಲ್ಲಿ ಇದನ್ನು ಚಿತ್ರಸಮೇತ ವಿವರಿಸಿದ್ದರು. ಕೈಪಿಡಿ ಓದುವುದು ನಮ್ಮೆಜಮಾನರ ಘನತೆಗೆ ಕುಂದು. ಹಾಗಾಗಿ ಮೊದಲ ಕಂತಿನ ಡಬ್ಬಿಗಳಲ್ಲಿ 20 ಗ್ರಾಂ ಡಬ್ಬಿಯೇ ಇತ್ತು, 10 ಗ್ರಾಂ ಕಡಲೆಬೀಜ ಇತ್ತು. ಹತ್ತು ಗ್ರಾಂ ಅಂದರೆ ಡಜನ್ ಮೇಲೆ ಒಂದೆರಡು ಕಾಳು. ಮಗ ಶಾಲೆಯಿಂದ ಬಂದವನು ಚೀಲ ಇಳಿಸದೆ ಬಾಗಿಲಲ್ಲೇ ನಿಂತು ಮೆಲ್ಲಗೆ ಕೇಳಿದ: “ಅಮ್ಮಾ, ನಾನೇನಾದ್ರೂ ತಪ್ಪು ಮಾಡಿದ್ನಾ?”

ಅವನ ಡಬ್ಬಿ ನೋಡಿ ಗೆಳೆಯರ ಕರುಳು ಚುರುಕ್ ಎಂದು, ಒಬ್ಬೊಬ್ಬರೂ ತಮ್ಮ ಪೊಟ್ಟಣದಿಂದ ಒಂದಿಷ್ಟು ಚಿಪ್ಸು, ಒಂದಿಷ್ಟು ಬಿಸ್ಕತ್ತು ಕೊಟ್ಟರಂತೆ. ಎಲ್ಲ ಸೇರಿ ಮಾಮೂಲಿಗಿಂತ ಜಾಸ್ತಿಯೇ ತಿಂದು ಬಂದಿದ್ದ. ಕ್ಯಾಲೊರಿ ಲೆಕ್ಕದಲ್ಲಿ ಆ ದಿನ ಸೋಲು. ಖರ್ಚಿನ ಲೆಕ್ಕದಲ್ಲಿ ನೋಡಿದರೆ ಅಷ್ಟು ಅಗ್ಗದ ದಿನ ಮತ್ತೆ ಬರಲಿಲ್ಲ.

ಗುಂಡಿಯ ರಹಸ್ಯ ಬಯಲಾದ ಮೇಲೆ ಕಾಬೂಲ್ ಕಡಲೆಯ ಸರದಿ. ಇದರಷ್ಟು ಉಪಕಾರಿಯಾದ ಕಾಳು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ನೆನೆಸಿ ಬೇಯಿಸಿದರೆ ತೂಕ ಎರಡು ಪಟ್ಟು ದಾಟುತ್ತದೆ, ಬೆಂದ ಕಡಲೆ 100 ಗ್ರಾಂಗೆ 165 ಕ್ಯಾಲೊರಿಯಷ್ಟೇ, ಪ್ರೋಟೀನು ಇದೆ, ನಾರು ಇದೆ, ಹೊಟ್ಟೆ ತುಂಬುತ್ತದೆ. ಬಟ್ಟೆಯ ಮೇಲೆ ಹರಡಿ ತೇವ ಆರಿಸಿ, ಒಂದು ಚಮಚ ಎಣ್ಣೆ ಸವರಿ, 200 ಡಿಗ್ರಿ ಓವನ್ನಿನಲ್ಲಿ ಮುಕ್ಕಾಲು ಗಂಟೆಯ ಹತ್ತಿರ ಇಟ್ಟರೆ ಕರುಂ ಕುರುಂ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ತಟ್ಟೆಯಲ್ಲಿ ಹರಡಿ ಆರಲು ಬಿಡಬೇಕು. ಬಿಟ್ಟರೆ ಮನೆಯವರೆಲ್ಲ ಬಂದು ಬಂದು ಬಾಯಿಗೆ ಹಾಕಿಕೊಳ್ಳುತ್ತಾರೆಂಬ ಭಯ ನಮ್ಮೆಜಮಾನರಿಗೆ. ಬಿಸಿಬಿಸಿಯಾಗಿಯೇ ತೂಗಿ, ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿದರು. ಒಳಗಿನ ಹಬೆ ಹೋಗುವುದಾದರೂ ಎಲ್ಲಿಗೆ? ಮುಚ್ಚಳಕ್ಕೆ ಹನಿಗಟ್ಟಿ ಮತ್ತೆ ಕಡಲೆಯ ಮೇಲೆಯೇ ಇಳಿಯಿತು. ಬೆಳಿಗ್ಗೆ ನೋಡಿದರೆ ಅಷ್ಟೂ ಡಬ್ಬಿಗಳಲ್ಲಿ ಜಗ್ಗಿದರೆ ಹಿಗ್ಗುವ ಚರ್ಮದಂಥ ಪದಾರ್ಥ. ನಮ್ಮತ್ತೆಗೆ ಮಾತ್ರ ಬಹಳ ಹಿಡಿಸಿತು. ಹಲ್ಲಿನ ಸೆಟ್ಟಿಗೆ ಒಗ್ಗುವ ಹಾಗೆ ಮೊದಲ ಬಾರಿ ಏನೋ ಮಾಡಿದ್ದಾನೆ ಮಗ, ಎಂದು ಎರಡು ಡಬ್ಬಿ ಎತ್ತಿಟ್ಟುಕೊಂಡರು.

ಹೆಚ್ಚಿಟ್ಟ ಸೇಬು ಕಂದಿದ್ದು, ನಿಂಬೆರಸ ಸವರಿದ್ದರೆ ಕಂದುತ್ತಿರಲಿಲ್ಲ ಎಂದು ಆಮೇಲೆ ನೆನಪಾದದ್ದು, ಇವೆಲ್ಲ ಎಲ್ಲರ ಮನೆಯಲ್ಲೂ ಆಗುವಂಥವು. ಪಾಪ್‌ಕಾರ್ನ್ ಹಾಗಲ್ಲ, ಅದರ ಕತೆ ಸ್ವಲ್ಪ ಬಿಡಿಸಿ ಹೇಳಬೇಕು.

ಪಾಪ್‌ಕಾರ್ನ್ ಜೋಳದ ಗಟ್ಟಿ ಸಿಪ್ಪೆಯೊಳಗೆ ಸುಮಾರು ಶೇ 14ರಷ್ಟು ನೀರು ಅಡಗಿರುತ್ತದೆ. ಕಾಳಿನ ಬಿಸಿ 180 ಡಿಗ್ರಿ ಮುಟ್ಟುವಾಗ ಆ ನೀರು ಆವಿಯಾಗಿ ಒತ್ತಡ ತಡೆಯಲಾರದೆ ಸಿಪ್ಪೆ ಒಡೆಯುತ್ತದೆ, ಒಳಗಿನ ಪಿಷ್ಟ ನೊರೆಯಾಗಿ ಅರಳಿ ಅಲ್ಲೇ ಗಟ್ಟಿಯಾಗುತ್ತದೆ. ಗಾತ್ರ 20ರಿಂದ 40 ಪಟ್ಟು ಹಿಗ್ಗುತ್ತದೆ. ಈ ಕೊನೆಯ ಅಂಕಿಯನ್ನು ನಮ್ಮೆಜಮಾನರು ಓದಿದ್ದರು, ನಂಬಿರಲಿಲ್ಲ. “ಇಷ್ಟೇ ಇಷ್ಟು ಕಾಣ್ತಿದೆಯಲ್ಲೇ” ಎಂದು ಇನ್ನೊಂದು ಲೋಟ ಸುರಿದರು. ಮೊದಲು ಟಪ್ ಅಂತ ಒಂದು. ಆಮೇಲೆ ಎರಡು ಮೂರು. ಆಮೇಲೆ ಪಾತ್ರೆಯ ಮುಚ್ಚಳ ತಾನಾಗಿಯೇ ಎದ್ದು ಕೂರಲು ಶುರುಮಾಡಿತು. ಹೆದರಿದ ಮನುಷ್ಯ ಒಲೆ ಆರಿಸಬೇಕು. ಇವರು ಒಳಗೆ ಏನಾಗುತ್ತಿದೆ ನೋಡೋಣವೆಂದು ಮುಚ್ಚಳ ತೆಗೆದರು.

ಅಡುಗೆಮನೆ ಗುಡಿಸುವಾಗ ಅದು ಸಿಕ್ಕ ಜಾಗಗಳನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮಿಕ್ಸಿಯ ಒಳಗೂ ಇತ್ತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಪಾತ್ರೆಯಲ್ಲಿ ಉಳಿದದ್ದೇ ಬೆಟ್ಟದಷ್ಟಿತ್ತು. ಕಾನೂನಿನ ಪ್ರಕಾರ ತಲೆಗೆ 30 ಗ್ರಾಂ ತೂಗಿದರೆ ಒಬ್ಬೊಬ್ಬರಿಗೆ ನಾಲ್ಕು ಕಪ್ಪಿನ ಹತ್ತಿರ ಬಂತು. ಎಣ್ಣೆ ಬೆಣ್ಣೆ ಇಲ್ಲದ ಪಾಪ್‌ಕಾರ್ನ್ ಒಂದು ಕಪ್ಪು ತೂಗುವುದೇ ಸುಮಾರು 8 ಗ್ರಾಂ, ಅದರಲ್ಲಿ ಕ್ಯಾಲೊರಿ 31. ನಮ್ಮ ಪುಟ್ಟ ಡಬ್ಬಿಗಳು ಹದಿನೈದು ಅರಳಿಗೇ ತುಂಬಿದವು. ಕೊನೆಗೆ ಎಲ್ಲರೂ ಒಂದೊಂದು ದೊಡ್ಡ ಪಾತ್ರೆ ತೊಡೆಯ ಮೇಲಿಟ್ಟುಕೊಂಡು, ತೂಕದಲ್ಲಿ ಒಂದು ಗ್ರಾಮೂ ಮೀರದೆ, ಕೈಸೋಲುವಷ್ಟು ತಿಂದೆವು. ಡಯಟ್ಟಿನಲ್ಲಿ ಇಷ್ಟು ಸಂತೋಷ ಇರಬಾರದು ಅಂತ ಅನುಮಾನ ಬಂದು ತಿರುಗಿ ನೋಡಿದರೆ ನಮ್ಮೆಜಮಾನರು ತಮ್ಮ ಪಾತ್ರೆಗೆ ಬೆಣ್ಣೆ ಕರಗಿಸಿ ಸುರಿಯುತ್ತಿದ್ದರು. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸುಮಾರು 100 ಕ್ಯಾಲೊರಿ, ಅಂದರೆ ಮೂರು ಕಪ್ಪು ಪಾಪ್‌ಕಾರ್ನಿನಷ್ಟು. ಕೇಳಿದರೆ, “ಬೆಣ್ಣೆ ಪಟ್ಟಿಯಲ್ಲಿ ಇಲ್ಲ” ಎಂದರು. ಪಟ್ಟಿ ಬರೆದವರೂ ಅವರೇ.

ಈ ಗೆಲುವಿನ ಉಮೇದಿನಲ್ಲಿ, ಹೆಚ್ಚಿಗೆ ಕೊಂಡರೆ ಕೆಜಿಗೆ ಅಗ್ಗ ಎಂದು ದೊಡ್ಡ ಚೀಲ ಜೋಳ ಬಂತು. ಬಾಯಿ ಕಟ್ಟದೆ ಮೂಲೆಯಲ್ಲಿ ಇಟ್ಟ ಚೀಲದಲ್ಲಿ ಕಾಳಿನ ಒಳಗಿನ ನೀರು ಮೆಲ್ಲಗೆ ಆರಿಹೋಯಿತು. ನೀರಿಲ್ಲದ ಕಾಳು ಅರಳುವುದಿಲ್ಲ. ಒಲೆಯ ಮೇಲೆ ಬರೀ ಹೊಗೆ, ಕಪ್ಪಾದ ಕಾಳು, ಮುಚ್ಚಳ ಗಟ್ಟಿಯಾಗಿ ಒತ್ತಿ ಹಿಡಿದು ನಿಂತ ಗೃಹಸ್ಥ. ಈ ಸಲ ಬಹಳ ಮುಂಜಾಗ್ರತೆಯಿಂದ ನಿಂತಿದ್ದರು ಪಾಪ. ಉಳಿದ ಕಾಳಿಗೆ ಚೂರು ನೀರು ಚಿಮುಕಿಸಿ, ಮುಚ್ಚಿದ ಜಾಡಿಯಲ್ಲಿ ಕುಲುಕಿ ಕೆಲವು ದಿನ ಬಿಟ್ಟ ಮೇಲೆ ಒಂದು ಪಾಲು ಅರಳಿತು.

ಚೀಲದ ದುಃಖ ಮರೆಯಲು ಅವರು ಓದಿಗೆ ಇಳಿದರು. ಬೆಲ್ಜಿಯಂನ ಜೋಸೆಫ್ ಡೆಲ್‌ಬೂಫ್ ಎಂಬ ಪಂಡಿತ 1865ರಷ್ಟು ಹಿಂದೆಯೇ ಒಂದು ದೃಷ್ಟಿಭ್ರಮೆ ಬರೆದಿಟ್ಟಿದ್ದಾನೆ. ಒಂದೇ ಅಳತೆಯ ಚುಕ್ಕೆ ದೊಡ್ಡ ವೃತ್ತದೊಳಗೆ ಸಣ್ಣದಾಗಿ ಕಾಣುತ್ತದೆ, ಬಿಗಿಯಾದ ವೃತ್ತದೊಳಗೆ ದೊಡ್ಡದಾಗಿ ಕಾಣುತ್ತದೆ. ಅಂದಮೇಲೆ ಸಣ್ಣ ತಟ್ಟೆಯಲ್ಲಿ ಬಡಿಸಿದರೆ ಕಡಿಮೆಯೂ ಜಾಸ್ತಿ ಅನ್ನಿಸಬೇಕಲ್ಲ. ಮಗ ಸಣ್ಣ ತಟ್ಟೆಯನ್ನೊಮ್ಮೆ ನೋಡಿ, ಅಪ್ಪನ ಮುಖವನ್ನೊಮ್ಮೆ ನೋಡಿ, ಇನ್ನೊಂದು ತಟ್ಟೆ ತಂದು ಪಕ್ಕಕ್ಕಿಟ್ಟುಕೊಂಡ. ಡೆಲ್‌ಬೂಫ್ ಕೆಲಸಕ್ಕೆ ಬರಲಿಲ್ಲ. ಆಮೇಲೆ ಅಮೆರಿಕದ ಬಾರ್ಬರಾ ರೋಲ್ಸ್ ಎಂಬ ಪೋಷಣೆ ತಜ್ಞೆಯ ಪ್ರಯೋಗಗಳು ಬಂದವು: ಮುಂದೆ ಹೆಚ್ಚು ಇಟ್ಟರೆ ಜನ ಹೆಚ್ಚು ತಿನ್ನುತ್ತಾರೆ, ಹೆಚ್ಚು ತಿಂದದ್ದು ಎಷ್ಟೋ ಸಲ ಅವರ ಗಮನಕ್ಕೂ ಬರುವುದಿಲ್ಲ. “ಇದಕ್ಕೆ ಪ್ರಯೋಗ ಯಾಕೋ ಬೇಕಿತ್ತು, ನಿಮ್ಮಪ್ಪನ ಎದುರು ಒಂದು ಹೊತ್ತು ಊಟಕ್ಕೆ ಕೂತಿದ್ದರೆ ಸಾಕಾಗಿತ್ತು” ಎಂದರು ಅತ್ತೆ.

ಇಷ್ಟೆಲ್ಲ ಆದರೂ ಡಬ್ಬಿಯ ಪದ್ಧತಿ ನಿಧಾನಕ್ಕೆ ನೆಲೆಗೊಂಡಿತು. ದೊಡ್ಡ ಡಬ್ಬಕ್ಕೆ ಕೈ ಹಾಕುವುದಕ್ಕೂ ಸಣ್ಣ ಡಬ್ಬಿಯ ತಳ ಕಾಣುವುದಕ್ಕೂ ಬಹಳ ವ್ಯತ್ಯಾಸವಿದೆ. ತಳ ಕಂಡಾಗ ಕೈ ನಿಲ್ಲುತ್ತದೆ, ಎರಡನೆಯ ಡಬ್ಬಿ ತೆರೆಯಲು ಸ್ವಲ್ಪ ನಾಚಿಕೆಯೂ ಆಗುತ್ತದೆ. ಖರ್ಚೂ ಇಳಿಯಿತು. ನನ್ನ ಬಟ್ಟೆ ಸಡಿಲವಾದವು, ಮಗನದ್ದೂ ಹಾಗೆಯೇ. ಅತ್ತೆ ಹೇಗಿದ್ದರೋ ಹಾಗೇ ಇದ್ದಾರೆ, ಅವರು ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ತೂಗುವವರು, ತುಂಬುವವರು, ಚೀಟಿ ಅಂಟಿಸುವವರು, ಅಂದರೆ ಕಾನೂನು ಮಾಡಿದವರು ಮಾತ್ರ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡು ಬಂದರು. ಅದೂ ಹೊರಗಡೆಗೆ.

ಪತ್ತೇದಾರಿಗೆ ಇಳಿದದ್ದು ನಮ್ಮತ್ತೆ. ಭಾನುವಾರ ಪ್ಯಾಕಿಂಗ್ ನಡೆಯುವಾಗ ಎದುರು ಸ್ಟೂಲ್ ಹಾಕಿಕೊಂಡು ಕೂತರು. ಅರ್ಧ ಕೆಜಿ ಕಡಲೆಬೀಜ ತಂದು ಹುರಿದು ಸಿಪ್ಪೆ ಊದಿದ ಮೇಲೆ ತೂಕ 470ಕ್ಕೆ ಇಳಿದಿತ್ತು.

“ಮೂವತ್ತು ಗ್ರಾಂ ಎಲ್ಲೋ?”

“ನೀರಮ್ಮ. ಹುರಿದಾಗ ನೀರಿನಂಶ ಹೋಗತ್ತೆ. ಸಿಪ್ಪೆ ಬೇರೆ.”

“ಹೋದದ್ದು ಗಾಳಿಗೋ, ಬಾಯಿಗೋ?”

ನೀರಿನ ವಿಷಯ ನಿಜವೇ, ಹುರಿದರೆ ತೂಕ ಇಳಿಯುವುದು ಸಹಜ. ಆದರೆ ಅಸಲು ವ್ಯವಹಾರ ಇದ್ದದ್ದು ಭಾಗಾಕಾರದಲ್ಲಿ. 470ನ್ನು 30ರಿಂದ ಭಾಗಿಸಿದರೆ 15 ಡಬ್ಬಿ, ಶೇಷ 20 ಗ್ರಾಂ. 20 ಗ್ರಾಂಗೆ ಒಂದು ಡಬ್ಬಿ ದಂಡ ಮಾಡುವುದುಂಟೇ? ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿಕೊಂಡರು. 115 ಕ್ಯಾಲೊರಿ. ಬಾದಾಮಿಯಲ್ಲಿ ಒಡೆದ ಚೂರುಗಳು ಡಬ್ಬಿಗೆ ಶೋಭೆಯಲ್ಲ, ಬಾಯಿಗೆ. ಒಣದ್ರಾಕ್ಷಿ ಪೊಟ್ಟಣದ ತಳಕ್ಕೆ ಅಂಟಿಕೊಂಡದ್ದು, ಬಾಯಿಗೆ. ಕಡಲೆಗೆ ಉಪ್ಪು ಹಿಡಿದಿದೆಯೇ ನೋಡಬೇಡವೇ? ಒಮ್ಮೆ ನೋಡಿದ್ದು ಸಾಲದೆ, ಹರಡಿದ ತಟ್ಟೆಯ ನಾಲ್ಕೂ ಮೂಲೆಯಲ್ಲಿ ನೋಡಿದರು. ಕೊನೆಯ ಚೀಟಿ ಅಂಟಿಸುವ ಹೊತ್ತಿಗೆ ಒಂದು ದಿನದ ಡಬ್ಬಿಯ ಎರಡರಷ್ಟು ಒಳಗೆ ಹೋಗಿತ್ತು. ಆಮೇಲೆ ತಮ್ಮ ಪಾಲಿನ ಡಬ್ಬಿಯನ್ನು ಬಹಳ ಶಿಸ್ತಿನಿಂದ ತೆರೆದರು.

“ಅದು ತಿಂದದ್ದಲ್ಲ ಅಮ್ಮ, ಪ್ಯಾಕಿಂಗ್ ನಷ್ಟ. ಎಲ್ಲ ಕಾರ್ಖಾನೆಯಲ್ಲೂ ಇರತ್ತೆ.”

“ಹಾಗಾದರೆ ಇನ್ನು ಮೇಲೆ ನಷ್ಟ ನನ್ನದು” ಎಂದು ಅತ್ತೆ ಬಟ್ಟಲು ತಂದು ತಕ್ಕಡಿಯ ಪಕ್ಕದಲ್ಲಿಟ್ಟರು. ಮಿಕ್ಕದ್ದು, ಮುರಿದದ್ದು, ಅಂಟಿದ್ದು, ಎಲ್ಲ ಅದಕ್ಕೇ ಬೀಳಬೇಕು.

ಬಟ್ಟಲು ಬಂದ ವಾರದಿಂದ ಒಂದು ಗಣಿತದ ವಿಸ್ಮಯ ನಡೆಯತೊಡಗಿತು. ಏನೇ ತಂದರೂ, ಎಷ್ಟೇ ತೂಗಿದರೂ, ಶೇಷ ಬರುವುದು ನಿಂತೇಹೋಯಿತು. ಅದೇ 470 ಗ್ರಾಂ, ಅದೇ 15 ಡಬ್ಬಿ, ಬಟ್ಟಲು ಖಾಲಿ. ಅತ್ತೆ ನನ್ನ ಕಡೆ ನೋಡಿದರು, ನಾನು ಡಬ್ಬಿಗಳ ಸಾಲಿನ ಕಡೆ ನೋಡಿದೆ. ಎಜಮಾನರ ಹೆಸರಿನ ಡಬ್ಬಿ ಎತ್ತಿ ತಕ್ಕಡಿಯ ಮೇಲಿಟ್ಟೆ. 50 ತೋರಿಸಿತು.

“ಡಬ್ಬಿ ತೂಕ ಕಳೆದಿಲ್ಲ ಕಣೇ ನೀನು.”

“ಕಳೆದೇ ಇಟ್ಟಿದ್ದೀನಿ ರೀ.”

“ಹಾಗಾದ್ರೆ ತಕ್ಕಡೀದೇ ಏನೋ ಎಡವಟ್ಟಾಗಿದೆ, ತಾಳು ನೋಡ್ತೀನಿ” ಎಂದು ತಕ್ಕಡಿ ಡಬ್ಬಿ ಎರಡನ್ನೂ ತೆಗೆದುಕೊಂಡು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಬಾಯಿ ಒರೆಸಿಕೊಳ್ಳುತ್ತಾ ವಾಪಸ್ ಬಂದು ನಮ್ಮಿಬ್ಬರ ಎದುರಿಗೇ ಮತ್ತೆ ತೂಗಿ ತೋರಿಸಿದರು. ಸರಿಯಾಗಿ 30 ಇತ್ತು.