ಮ್ಯೂನಿಕ್‌ನ ಆಕಾಶಕ್ಕೆ ನೂರು ಮೀಟರಿನ ಗೆರೆ ಬೇಕೆ?

ಜರ್ಮನಿಯ ಬವೇರಿಯಾ ರಾಜ್ಯದ ರಾಜಧಾನಿ ಮ್ಯೂನಿಕ್‌ನಲ್ಲಿ 2004ರ ನವೆಂಬರಿನಲ್ಲಿ ನಾಗರಿಕರ ಮತದಾನವೊಂದು ನಡೆಯಿತು. ಊರಿನ ಹಳೆಯ ಫ್ರೌವೆನ್‌ಕಿರ್ಶೆ ಚರ್ಚಿನ ಜೋಡಿ ಗೋಪುರಗಳನ್ನು ಮೀರುವ, ಅಂದರೆ ನೂರು ಮೀಟರಿಗಿಂತ ಎತ್ತರದ ಕಟ್ಟಡಗಳು ಇನ್ನು ಬೇಡವೆಂದು ಶೇ 50.8ರಷ್ಟು ಮಂದಿ ಮತ ಹಾಕಿದರು. ಆಮೇಲೆ ಹಳೆಯ ಅಂಚೆ ಪಾರ್ಸೆಲ್ ಭವನದ ಬಳಿ 155 ಮೀಟರಿನ ಎರಡು ಗೋಪುರಗಳ ಯೋಜನೆ ಬಂದು ಹಳೆಯ ಜಗಳಕ್ಕೆ ಮತ್ತೆ ಜೀವ ಬಂದಿದೆ. ಆ ಗೆರೆ ಉಳಿಯಬೇಕೆ?

ಪರ: ಗೆರೆ ಉಳಿಯಲಿ

ಹತ್ತಿರ ಹೋಗಿ ನಿಂತರೆ ಫ್ರೌವೆನ್‌ಕಿರ್ಶೆ ಹೆಚ್ಚು ಅಲಂಕಾರವಿಲ್ಲದ, ಕೆಂಪು ಇಟ್ಟಿಗೆಯ ದೊಡ್ಡ ಗೋಡೆ. 1468ರಲ್ಲಿ ಯೋರ್ಗ್ ಫಾನ್ ಹಾಲ್ಸ್‌ಬಾಖ್ ಕಟ್ಟಲಾರಂಭಿಸಿದ ಈ ಚರ್ಚಿಗೆ ಗಾಥಿಕ್ ಶೈಲಿಯ ಚೂಪು ಶಿಖರಗಳು ಬರಲೇ ಇಲ್ಲ. ಈಗ ಎಲ್ಲರೂ ಗುರುತಿಸುವ ದುಂಡನೆಯ ಹಸಿರು ಗುಮ್ಮಟಗಳು ಗೋಪುರಗಳ ಮೇಲೆ ಕೂತದ್ದು 1525ರಲ್ಲಿ. ಅದರ ಚೆಲುವಿರುವುದು ದೂರದ ನೋಟದಲ್ಲಿ. ಸಮತಟ್ಟಾದ ಊರಿನ ಸೂರುಗಳ ಮೇಲೆ ಆ ಜೋಡಿ ಗುಮ್ಮಟಗಳು ಎದ್ದು ಕಾಣುತ್ತವೆ, ಫ್ಯೋನ್ ಎಂಬ ಬೆಚ್ಚನೆಯ ಒಣಗಾಳಿ ಬೀಸುವ ದಿನಗಳಲ್ಲಿ ಅವುಗಳ ಹಿಂದೆ ಆಲ್ಪ್ಸ್ ಪರ್ವತಸಾಲು ಕೈಗೆಟುಕುವಷ್ಟು ಹತ್ತಿರ ಬಂದಂತೆ ತೋರುತ್ತದೆ. ಇಂಥ ನೋಟವನ್ನು ಒಮ್ಮೆ ಕೆಡಿಸಿದರೆ ರಿಪೇರಿ ಮಾಡಲಾಗದು.

ಈ ಆತಂಕ ಕಾಲ್ಪನಿಕವೆನ್ನುವವರು ಕಲೋನ್ ನಗರದತ್ತ ನೋಡಬೇಕು. ಅಲ್ಲಿ 157 ಮೀಟರಿನ ಕೆಥೆಡ್ರಲ್‌ಗೆ ಎದುರಾಗಿ, ರೈನ್ ನದಿಯ ಆಚೆ ದಡದ ಡಾಯ್ಟ್ಸ್ ಪ್ರದೇಶದಲ್ಲಿ ಎತ್ತರದ ಕಟ್ಟಡಗಳನ್ನು ಯೋಜಿಸಿದಾಗ ಯುನೆಸ್ಕೊ 2004ರಲ್ಲಿ ಕೆಥೆಡ್ರಲ್ಲನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯೋಜನೆಗಳನ್ನು ಬದಲಿಸಿದ ಮೇಲೆ, 2006ರಲ್ಲಿ, ಆ ಪಟ್ಟಿಯಿಂದ ಕೈಬಿಟ್ಟಿತು. ಮ್ಯೂನಿಕ್‌ನಲ್ಲಿ ಅದೇ ಹೊತ್ತಿಗೆ 126 ಮೀಟರಿನ ಹೈಲೈಟ್ ಟವರ್ಸ್, 146 ಮೀಟರಿನ ಅಪ್‌ಟೌನ್ ಕಟ್ಟಡಗಳು ಎದ್ದು ನಿಂತಿದ್ದವು. ಮಾಜಿ ಮೇಯರ್ ಗೇಯೊರ್ಗ್ ಕ್ರೋನಾವಿಟ್ಟರ್ ತಮ್ಮದೇ ಪಕ್ಷದ ಆಗಿನ ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಎದುರು ಹಾಕಿಕೊಂಡು ಮತದಾನಕ್ಕಾಗಿ ಜನರ ಬಳಿಗೆ ಹೋದದ್ದು ಇದನ್ನು ನೋಡಿಯೇ.

ಮನೆಗಳ ಕೊರತೆಗೆ ಗೋಪುರಗಳೇ ಮದ್ದು ಎಂಬ ವಾದ ಕೇಳಲು ಚೆನ್ನಾಗಿದೆ. ಆದರೆ ಕಟ್ಟಡ ಮೇಲೇರಿದಂತೆಲ್ಲ ಪ್ರತಿ ಚದರ ಮೀಟರಿನ ಖರ್ಚೂ ಏರುತ್ತದೆ. ಕೊನೆಯ ಮಹಡಿ ನೆಲದಿಂದ 22 ಮೀಟರ್ ದಾಟಿದರೆ ಅಗ್ನಿಶಾಮಕ ದಳದ ಏಣಿ ಅಲ್ಲಿಗೆ ಮುಟ್ಟುವುದಿಲ್ಲವಾದ್ದರಿಂದ ಜರ್ಮನ್ ನಿಯಮಗಳು ಬೇರೆಯಾಗುತ್ತವೆ, 60 ಮೀಟರಿನಾಚೆಗೆ ಇನ್ನೂ ಬಿಗಿಯಾಗುತ್ತವೆ. ಹೊಗೆ ನುಗ್ಗದ ಮೆಟ್ಟಿಲು, ಅಗ್ನಿಶಾಮಕರಿಗೆಂದೇ ಲಿಫ್ಟು, ನೀರೆತ್ತುವ ಪಂಪು ಎಲ್ಲವೂ ನೆಲದ ಜಾಗವನ್ನೂ ಹಣವನ್ನೂ ತಿನ್ನುತ್ತವೆ. ಫ್ರಾಂಕ್‌ಫರ್ಟ್‌ನಲ್ಲಿ 2020ರಲ್ಲಿ ಮುಗಿದ 180 ಮೀಟರಿನ ಗ್ರ್ಯಾಂಡ್ ಟವರ್‌ನಲ್ಲಿ ಇರುವುದು ಐಷಾರಾಮಿ ಫ್ಲ್ಯಾಟುಗಳು. ದಾದಿಯರಿಗೂ ಬಸ್ ಚಾಲಕರಿಗೂ ಅದರಿಂದ ಒಂದು ಕೋಣೆಯೂ ಸಿಕ್ಕಂತಾಗಲಿಲ್ಲ. ಐದು ಮಹಡಿಯ ಮನೆಗಳು ಒತ್ತಾಗಿ ಹೊಂದಿಕೊಂಡು, ನಡುವೆ ಅಂಗಳ ಬಿಟ್ಟು ನಿಂತಿರುವ, ಮ್ಯೂನಿಕ್‌ನದೇ ಆದ ಶ್ವಾಬಿಂಗ್‌ನಂಥ ಬಡಾವಣೆಗಳು ಒಂದು ಗೋಪುರವೂ ಇಲ್ಲದೆ ಜನರನ್ನು ತುಂಬಿಕೊಂಡಿವೆ.

ವಿರೋಧ: ಗೆರೆ ಅಳಿಯಲಿ

ಮ್ಯೂನಿಕ್‌ನ ಅತಿ ಎತ್ತರದ ನಿರ್ಮಾಣ ಚರ್ಚಿನ ಗೋಪುರವಲ್ಲ; 1968ರಲ್ಲಿ ಮುಗಿದ, 291 ಮೀಟರಿನ ಒಲಿಂಪಿಕ್ ಗೋಪುರ. ಚರ್ಚಿನ ಸುಮಾರು ಮೂರರಷ್ಟು ಎತ್ತರವಿರುವ ಆ ಕಾಂಕ್ರೀಟ್ ಕಂಬದಿಂದ ಊರಿನ ಮುಖ ಕೆಟ್ಟಿತೆಂದು ಇಂದು ಯಾರೂ ಹೇಳುವುದಿಲ್ಲ, ಅಂಚೆಕಾರ್ಡುಗಳಲ್ಲಿ ಗುಮ್ಮಟಗಳ ಜೊತೆಗೆ ಅದೂ ಇದೆ. ಅದು ವಾಸದ ಕಟ್ಟಡವಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ ಎಂಬುದು ಜಾರಿಕೊಳ್ಳುವ ಉತ್ತರ. ಕಣ್ಣಿಗೆ ಕಾಣುವುದು ಎತ್ತರ. ಒಳಗೆ ಮನೆಯಿದೆಯೋ ಆಂಟೆನಾ ಇದೆಯೋ ಎಂಬುದು ಕಣ್ಣಿಗೇನು ಗೊತ್ತು? 1981ರ ಹೈಪೊ ಬ್ಯಾಂಕಿನ ಕಟ್ಟಡವಂತೂ 114 ಮೀಟರ್ ಎತ್ತರದ ಕಚೇರಿಯೇ. ಜನ ಗೆರೆ ಎಳೆದ ಎರಡೇ ವರ್ಷಕ್ಕೆ, 2006ರಲ್ಲಿ, ಗೆರೆ ಮೀರಿದ ಈ ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಲಾಯಿತು.

ಒಳ್ಳೆಯ ಕಟ್ಟಡವನ್ನು ಅಳೆಯುವುದು ಟೇಪಿನಿಂದಲ್ಲ. ಕಾರ್ಲ್ ಶ್ವಾನ್ಸರ್ ವಿನ್ಯಾಸಗೊಳಿಸಿದ ಬಿಎಂಡಬ್ಲ್ಯು ಕಂಪನಿಯ ಮುಖ್ಯ ಕಚೇರಿಯನ್ನೇ ನೋಡಿ. ನಡುವಿನ ಕಾಂಕ್ರೀಟ್ ಕಂಬದ ತಲೆಯ ಮೇಲೆ ಅಡ್ಡತೊಲೆಗಳನ್ನು ಕೂರಿಸಿ, ನಾಲ್ಕು ಸಿಲಿಂಡರುಗಳಂತಿರುವ ಮಹಡಿಗಳನ್ನು ಅವುಗಳಿಂದ ಕೆಳಗೆ ತೂಗುಬಿಟ್ಟಿದ್ದಾರೆ. ಮೇಲಿನ ಮಹಡಿಗಳನ್ನು ಕೆಳಗೇ ಜೋಡಿಸಿ ಆಮೇಲೆ ಎತ್ತಲಾಯಿತು. ಇದರ ಎತ್ತರ ಸುಮಾರು ನೂರು ಮೀಟರ್. ಇನ್ನೈದು ಮೀಟರ್ ಹೆಚ್ಚಿದ್ದರೆ ಅದು ಊರಿಗೆ ಅವಮಾನವಾಗುತ್ತಿತ್ತೆ? ಇನ್ನೊಂದೆಡೆ, 145 ಮೀಟರಿಗೆ ಯೋಜಿಸಿದ್ದ ಪ್ರಕಾಶನ ಸಂಸ್ಥೆಯೊಂದರ ಗೋಪುರವನ್ನು ಮತದಾನದ ಬಳಿಕ ಸುಮಾರು ನೂರು ಮೀಟರಿಗೆ ಇಳಿಸಿದರು. ಅದು ಇರುವುದು ಹಳೆಯ ಊರಿನ ಮಗ್ಗುಲಲ್ಲೇನಲ್ಲ, ಪೂರ್ವದ ಹೊರವಲಯದಲ್ಲಿ.

ಆ ಮತದಾನದ ತೂಕವನ್ನೂ ನೋಡಬೇಕು. ಮತ ಹಾಕಿದವರು ಅರ್ಹರಲ್ಲಿ ಕಾಲುಭಾಗಕ್ಕಿಂತ ಕಡಿಮೆ; ಕಾನೂನಿನ ಪ್ರಕಾರ ಫಲಿತಾಂಶಕ್ಕಿದ್ದ ಆಯುಷ್ಯ ಒಂದೇ ವರ್ಷ. ಮ್ಯೂನಿಕ್ ಕೇವಲ 310 ಚದರ ಕಿಲೋಮೀಟರಿನಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನರನ್ನು ಹೊತ್ತಿದೆ, ಬಾಡಿಗೆ ಇಡೀ ಜರ್ಮನಿಯಲ್ಲೇ ದುಬಾರಿ. ಬೆಂಗಳೂರಿನಿಂದ ಕೆಲಸಕ್ಕೆ ಹೋಗಿ ಮನೆ ಹುಡುಕುವ ಕನ್ನಡಿಗರೂ ಆ ಬಿಸಿಯನ್ನು ಬಲ್ಲರು. ಗೋಪುರಗಳಿಂದಲೇ ಬಾಡಿಗೆ ಇಳಿಯದು, ಒಪ್ಪೋಣ. ಆದರೆ ಅಷ್ಟೇ ಕಚೇರಿ, ಅಷ್ಟೇ ಮನೆಗಳನ್ನು ತಗ್ಗಿನಲ್ಲಿ ಹರಡಿದರೆ ಬಯಲು ಹೋಗುತ್ತದೆ.

ಪಾರ್ಸೆಲ್ ಭವನದ ಯೋಜನೆ ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯ. 1960ರ ದಶಕದ ಆ ಕಾಂಕ್ರೀಟ್ ಕಮಾನು ನಡುವೆ ಒಂದೂ ಕಂಬವಿಲ್ಲದೆ ಸುಮಾರು 146 ಮೀಟರ್ ಅಗಲವನ್ನು ದಾಟುತ್ತದೆ. ಹೆರ್ತ್ಸೋಗ್ ಮತ್ತು ಡಿ ಮ್ಯೂರೊನ್ ಅವರ ವಿನ್ಯಾಸದಲ್ಲಿ ಮನೆ, ಕಚೇರಿಗಳೆಲ್ಲ ಪಕ್ಕದ ಜಾಗಕ್ಕೆ ಹೋಗಿ, ಭವನದೊಳಗಿನ ನೆಲ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತದೆ. ನಿಂಫೆನ್‌ಬುರ್ಗ್ ಅರಮನೆಯ ಕಡೆಯಿಂದ ಗೋಪುರಗಳು ಕಾಣುತ್ತವೆ ಎಂಬ ಆಕ್ಷೇಪ ಗಂಭೀರವಾದದ್ದೇ. ಅದನ್ನು ಆ ಸ್ಥಳದಲ್ಲಿ, ಆ ನಕ್ಷೆಯನ್ನು ಮುಂದಿಟ್ಟುಕೊಂಡು, ಆ ಕೋನದಿಂದ ಪರೀಕ್ಷಿಸಬೇಕು. ಅಲ್ಲಿ 155 ಮೀಟರ್ ಅತಿಯೆನಿಸಿದರೆ 120 ಆಗಬಹುದು, ಇನ್ನೊಂದು ಕಡೆ 60 ಮೀಟರೇ ಅತಿಯಾಗಬಹುದು.